ವಾರ್ನಿಶ್ ಬಳಿದ ಕೊಡಲಿ

ಕೂಡ್ಲಿಗಿ ಕಡೆಯ ಗುಡ್ಡಗಳಲ್ಲಿ ಕರಡಿ ಸಮೀಕ್ಷೆಗೆಂದು ಡೇರೆ ಹಾಕಿದ್ದೆವು. ಕ್ಯಾಂಪಿನ ಕೊಡಲಿ ತುಕ್ಕು ಹಿಡಿದಿತ್ತು. ನಾನೇ ಅದನ್ನು ಉಜ್ಜಿ, ಹಿಡಿಯುವ ಮರದ ಕಾವಿಗೆ ಎರಡು ಸಲ ವಾರ್ನಿಶ್ ಬಳಿದು, ಫಳಫಳ ಹೊಳೆಯುವಂತೆ ಮಾಡಿದೆ. ಮೊದಲ ಏಟಿಗೇ ಅಲಗು ಕಾವಿನಿಂದ ಕಳಚಿ, ಅಡುಗೆಯ ಬಸಣ್ಣನ ಕಿವಿ ಪಕ್ಕದಲ್ಲೇ ಹಾರಿಹೋಯಿತು.

"ಸಾರ್, ಇಲ್ಲಿ ಆ ಕೊಡ್ಲಿ ಇರಬೇಕು, ಇಲ್ಲಾ ನಾನಿರಬೇಕು," ಅಂದ ಬಸಣ್ಣ.

ನಾಚಿಕೆಯಿಂದ ಕೊಡಲಿ ಎತ್ತಿಕೊಂಡು ಕಾನಹೊಸಹಳ್ಳಿಗೆ ಹೋದೆ. ಅಲ್ಲಿ ಕುಲುಮೆ ನಡೆಸುವ ಹನುಮಕ್ಕ ಕಾವಿನ ಮೇಲೆ ಬೆರಳಾಡಿಸಿ, "ಇದಕ್ಕ ಬಣ್ಣ ಯಾರು ಹಚ್ಯಾರ್ರಿ?" ಅಂದರು.

"ನಾನೇ ಅಕ್ಕಾ."

"ಬಣ್ಣ ಹಚ್ಚೀರಿ, ಬೆಣಿ ಬಡಿಯೋದು ಬಿಟ್ಟೀರಿ. ಕೆಡಿಸಿದೋರು ನೀವು, ನೀವ ಮಾಡ್ರಿ."

ಅವರು ಕೂತಲ್ಲಿಂದ ಏಳಲೇ ಇಲ್ಲ, ಬಾಯಲ್ಲೇ ಹೇಳಿಕೊಟ್ಟರು. ನಾನು ಗಾಜಿನ ಚೂರಿನಿಂದ ವಾರ್ನಿಶ್ ಹೆರೆದೆ. ಅರ ಹಿಡಿದು ಅಲಗಿನ ಬಾಯಿ ಹರಿತ ಮಾಡಿದೆ. ಅಲಗು ಕೂರಿಸಿ, ಅದು ಸಡಿಲವಾಗದಂತೆ ಕಾವಿನ ತುದಿಗೆ ಮರದ ಬೆಣೆ ಬಡಿದು, ಅಗಸೆ ಎಣ್ಣೆ ತಿಕ್ಕಿದೆ. ಅಷ್ಟರಲ್ಲಿ ಅಂಗೈ ತುಂಬ ಗುಳ್ಳೆ ಎದ್ದಿದ್ದವು. ಹನುಮಕ್ಕ ಅಂಗಳದಲ್ಲಿದ್ದ ದಪ್ಪ ಜಾಲಿ ತುಂಡು ತೋರಿಸಿ, "ಹೊಡೀರಿ" ಅಂದರು.

ಉಸಿರು ಬಿಗಿಹಿಡಿದು ಹೊಡೆದೆ. ತುಂಡು ಎರಡು ಹೋಳಾಗಿ ಬಿತ್ತು. ಅಲಗು ಕೂದಲೆಳೆಯಷ್ಟೂ ಕದಲಲಿಲ್ಲ.

"ಈಗ ಕೊಡ್ಲಿ ಆತು ನೋಡ್ರಿ!"

ಡಿಗ್ರಿ ಸಿಕ್ಕಾಗಲೂ ನಾನು ಅಷ್ಟು ಹಿಗ್ಗಿರಲಿಲ್ಲ. ಕ್ಯಾಂಪಿಗೆ ಮರಳಿ ಎಲ್ಲರೆದುರು ಒಂದು ರಾಶಿ ಕಟ್ಟಿಗೆ ಸೀಳಿ ಹಾಕಿದೆ. ಬಸಣ್ಣ ತಟ್ಟೆ ಬಡಿದು ಕುಣಿದ. ಸಮೀಕ್ಷೆ ಮುಗಿಯುವ ತನಕ ಕಟ್ಟಿಗೆ ಒಡೆಯುವ ಗೌರವ ನನ್ನೊಬ್ಬನದೇ ಆಯಿತು. ಪಾಲು ಬೇಕೆಂದು ಯಾರೂ ಕೇಳಲಿಲ್ಲ.