ಸೇರು ಕಟ್ಟಿದ ಲೆನ್ಸು

ನನ್ನ ಸೋದರಮಾವನ ಮರದ ಕ್ಯಾಮೆರಾವನ್ನು ಗೆದ್ದಲು ತಿಂದ ಮೇಲೆ ಉಳಿದದ್ದು ಅದರ ಹಿತ್ತಾಳೆಯ ಲೆನ್ಸು ಒಂದೇ. ಮಧುಗಿರಿಯ ನಮ್ಮ ಸ್ಟುಡಿಯೋಗೆ ಹೊಸ ಕ್ಯಾಮೆರಾ ತರಲು ಬೆಂಗಳೂರಿಗೆ ಹೋದ ನಾನು, ಲೆನ್ಸು ಹೇಗೂ ಇದೆಯಲ್ಲ ಎಂದು ಬರಿಯ ಪೆಟ್ಟಿಗೆಯನ್ನಷ್ಟೇ ಕೊಂಡೆ. ಹಳೆಯ ಲೆನ್ಸಿಗೆ ಇದು ಹೊಂದುತ್ತದೋ ಇಲ್ಲವೋ ನೋಡಿಕೊಳ್ಳಿ ಎಂದು ಅಂಗಡಿಯವನು ಎಚ್ಚರಿಸಿದ್ದ. ಯಾರಾದರೂ ಬುದ್ಧಿ ಹೇಳಿದರೆ ನನಗೆ ಮೈ ಉರಿಯುತ್ತಿತ್ತು. ಬಡಗಿಯ ಕೈಲಿ ಮುಂದಿನ ಹಲಗೆಗೆ ತೂತು ಕೊರೆಸಿ ಲೆನ್ಸು ಕೂರಿಸಿದೆ, ಕೂತಿತು. ಶಾಲೆಯ ಮೇಷ್ಟರುಗಳ ಗುಂಪನ್ನು ದೂರದಿಂದ ತೆಗೆದೆ, ಚೆನ್ನಾಗಿಯೇ ಬಂತು. ಮೀಸೆ ತಿರುವಿಕೊಂಡು ಓಡಾಡಿದೆ.

ಆ ಬೇಸಿಗೆಯಲ್ಲಿ ನನ್ನನ್ನು ಫೋಟೋ ತೆಗೆಯಲು ಕರೆದೊಯ್ಯಲೆಂದು ಕೊರಟಗೆರೆಯಿಂದ ಗಾಡಿ ಬಂತು. ಅಲ್ಲಿನ ಜವಳಿ ವರ್ತಕರ ಮನೆಯ ಸೊಸೆ ಜ್ವರದಲ್ಲಿ ತೀರಿಕೊಂಡಿದ್ದಳು. ಮದುವೆಯಾಗಿ ವರ್ಷ ತುಂಬಿರಲಿಲ್ಲ. ಗಂಡ ಕೋಲಾರದ ಚಿನ್ನದ ಗಣಿಯಲ್ಲಿ ಗುಮಾಸ್ತ. ತಂತಿ ಕೊಟ್ಟಿದ್ದರು, ಆದರೆ ಅವನು ಬರುವವರೆಗೆ ಆ ಬಿಸಿಲಿನಲ್ಲಿ ಹೆಣ ಇಡುವಂತಿರಲಿಲ್ಲ. ವೀರಶೈವರ ಮನೆ. ಹಣೆಗೆ ವಿಭೂತಿ ಬಳಿದು, ಹಜಾರದ ಗೋಡೆಗೆ ಒರಗಿಸಿ ಕೂರಿಸಿದ್ದರು. ಹಾಗೆ ಕೂತೇ ಅವಳು ಮಣ್ಣು ಸೇರಬೇಕು.

ಆಕೆಯ ಅತ್ತೆ ನನ್ನ ಹತ್ತಿರ ಬಂದು ನಿಂತರು. "ಕೈ ಕಾಲು ಬ್ಯಾಡ ಕಣಪ್ಪ, ಮುಖ ಬರ್ಲಿ. ನನ್ ಮಗಂಗೆ ಮುಖ ತೋರಿಸ್ಬೇಕು."

"ಆಗಲಿ ತಾಯಿ" ಎಂದೆ.

ಕ್ಯಾಮೆರಾವನ್ನು ಹತ್ತಿರಕ್ಕೆ ನಿಲ್ಲಿಸಿ, ತಲೆಯ ಮೇಲೆ ಕರಿಯ ಕಂಬಳಿ ಎಳೆದುಕೊಂಡು ಹಿಂದಿನ ಮಸಕು ಗಾಜನ್ನು ನೋಡಿದೆ. ತಲೆಕೆಳಗಾದ ಒಂದು ಬಿಳಿ ಮಬ್ಬು. ತಿರುಪು ತಿರುಗಿಸಿದೆ. ಲೆನ್ಸನ್ನು ಹಿಂದೆ ಮುಂದೆ ಸರಿಸುವ ಪೆಟ್ಟಿಗೆಯ ತೊಗಲಿನ ತಿದಿ ಪೂರ್ತಿ ಹಿಗ್ಗಿ ನಿಂತಿತು, ಮಬ್ಬು ಮಬ್ಬಾಗಿಯೇ ಉಳಿಯಿತು. ಮಾವನ ಲೆನ್ಸು ಹತ್ತಿರದ ಮುಖ ಹಿಡಿಯಬೇಕಾದರೆ ಉದ್ದನೆಯ ತಿದಿ ಬೇಕು, ಹೊಸ ಪೆಟ್ಟಿಗೆಯದು ಗಿಡ್ಡ. ಹಿಂದೆ ಸರಿದರೆ ಮುಖ ಸ್ಪಷ್ಟವಾಗುತ್ತದೆ, ಆದರೆ ಕಡಲೆಕಾಳಿನಷ್ಟಾಗುತ್ತದೆ. ಬೆವರು ಕಣ್ಣಿಗಿಳಿಯಿತು. ಹೊರಗೆ ಭಜನೆ ನಿಂತಿತ್ತು, ಎಲ್ಲರೂ ನನ್ನ ಬೆನ್ನನ್ನೇ ನೋಡುತ್ತಿದ್ದರು. ಹೆದರಿಹೋದೆ. ಕಂಬಳಿ ಬಿಸಾಕಿ ಓಡಿಬಿಡೋಣ ಅನ್ನಿಸಿತು, ಸುಳ್ಳೇಕೆ.

ಕೊನೆಗೆ ತಲೆ ಹೊರಗೆ ಹಾಕಿ ಇದ್ದದ್ದನ್ನು ಇದ್ದಂತೆ ಹೇಳಿದೆ. ಲೆನ್ಸು ಇನ್ನೂ ಅರ್ಧ ಗೇಣು ಮುಂದೆ ನಿಲ್ಲಬೇಕು, ನಡುವೆ ಬೆಳಕು ನುಸುಳದಂಥ ಒಂದು ದಪ್ಪ ಕೊಳವೆ ಬೇಕು. ಅತ್ತೆ ಒಳಗೆ ಹೋಗಿ ಅಕ್ಕಿ ಅಳೆಯುವ ಕಬ್ಬಿಣದ ಸೇರು ತಂದರು.

"ಇದುರ ತಳ ಕೊಯ್ದ್ರೆ ಆಯ್ತದಾ?"

ಪಕ್ಕದಲ್ಲಿದ್ದ ಹೆಂಗಸೊಬ್ಬರು ಅವರ ಕೈ ಹಿಡಿದರು. "ಬ್ಯಾಡ ಕಣಕ್ಕ. ಮನೆ ಸೇರು. ತಳ ತೆಗುದ್ರೆ ಮನೇಲಿ ಕಾಳು ನಿಲ್ಲಕಿಲ್ಲ."

"ಹೊಸ್ಲಲ್ಲಿ ಇದುನ್ನೇ ಒದ್ದು ಒಳಿಕ್ಕೆ ಬಂದ್ಲು. ಅವ್ಳೇ ಹೋದ್ಮ್ಯಾಲೆ ಕಾಳು ನಿಂತು ಏನಾಗ್ಬೇಕು? ಕೊಯ್ಯಪ್ಪ."

ಮನೆಯವರು ತಂದುಕೊಟ್ಟ ಉಳಿಯಿಂದ ಸೇರಿನ ತಳ ಕಡಿದೆ. ಫೋಟೋ ಬಾರದಿದ್ದರೆ ಮನೆಯ ಸೇರೂ ಹೋಯಿತು, ಮುಖವೂ ಹೋಯಿತು. ಒಳಗೆ ಹೊಳಪು ಉಳಿಯಬಾರದೆಂದು ಒಲೆಯ ಮಸಿಯನ್ನು ಹರಳೆಣ್ಣೆಯಲ್ಲಿ ಕಲಸಿ ಬಳಿದೆ. ಸೇರಿನ ಒಂದು ಬಾಯಿಗೆ ಲೆನ್ಸು, ಇನ್ನೊಂದು ಬಾಯಿ ಪೆಟ್ಟಿಗೆಯ ಹಲಗೆಗೆ. ಸಂದಿಗೆಲ್ಲ ಮೇಣ ಮೆತ್ತಿ, ಕಂಬಳಿಯ ಚೂರು ಸುತ್ತಿ ದಾರ ಬಿಗಿದೆ. ಭಾರಕ್ಕೆ ಮೂತಿ ಜೋತುಬಿತ್ತು. ಕೆಳಗೆ ಮಣೆಗಳನ್ನು ಪೇರಿಸಿ ಆಸರೆ ಕೊಟ್ಟೆ. ಈ ಸಲ ಗಾಜಿನಲ್ಲಿ ಮುಖ ಮೂಡಿತು, ರೆಪ್ಪೆಯ ಕೂದಲೂ ಕಾಣುವಂತೆ. ಚಿತ್ರ ಮೂಡುವ ಗಾಜಿನ ಪ್ಲೇಟು ಸೇರಿಸಿ ಲೆನ್ಸಿನ ಮುಚ್ಚಳ ತೆಗೆದೆ, ಮನಸ್ಸಿನಲ್ಲೇ ಶಿವ ಶಿವ ಎನ್ನುತ್ತಿದ್ದು ಸಾಕೆನಿಸಿದಾಗ ಮುಚ್ಚಿದೆ.

"ಬಂತಾ?" ಎಂದರು ಅತ್ತೆ.

"ಮಧುಗಿರಿಗೆ ಹೋಗಿ ತೊಳೆದ ಮೇಲೇ ಗೊತ್ತಾಗೋದು ತಾಯಿ."

ನಾನು ಗಾಡಿ ಹತ್ತುವಾಗ ಅವಳನ್ನು ಎತ್ತಿದರು. ಇನ್ನು ತಪ್ಪಾಗಿದ್ದರೆ ತಿದ್ದಿಕೊಳ್ಳಲು ಮುಖವೇ ಇಲ್ಲ. ಚಕ್ರ ಕಲ್ಲಿಗೆ ಬಡಿದಾಗಲೆಲ್ಲ ಪ್ಲೇಟನ್ನು ಎದೆಗವಚಿಕೊಂಡು ಗಾಡಿಯವನನ್ನು ಬೈದೆ. ಕತ್ತಲೆಕೋಣೆಯ ಕೆಂಪು ದೀಪದಡಿ ಪ್ಲೇಟು ತೊಳೆಯುವಾಗ ಅರ್ಧ ಔಷಧಿ ಚೆಲ್ಲಿತು. ಬೆಳಕು ನುಸುಳಿದ್ದ ಒಂದು ಮೂಲೆ ಕಪ್ಪಾಗತೊಡಗಿತು. ಅದು ಹರಡಿ ಎಲ್ಲವನ್ನೂ ನುಂಗುತ್ತದೆಂದೇ ತಿಳಿದೆ. ಹರಡಲಿಲ್ಲ. ನಡುವೆ ಮುಖ ಬಂದಿತ್ತು.

ಮಣ್ಣಾದ ಮೇಲೆ ಊರು ತಲುಪಿದ ಗಂಡ, ಫೋಟೋಗಾಗಿ ಮಧುಗಿರಿಗೆ ಬಂದ. ನನಗಿಂತ ಚಿಕ್ಕವನು. ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಲೇ ಇದ್ದ. ಇದು ಅವಳಲ್ಲ ಎಂದುಬಿಡುತ್ತಾನೇನೋ ಎಂದು ನನಗೆ ಮತ್ತೆ ಹೆದರಿಕೆ.

"ದವಡೆ ಕೆಳಗೆ ಇದೇನು, ಗಾಜಿನ ಕಲೆಯಾ?"

"ಮಚ್ಚೆ. ಅದನ್ನ ನೋಡ್ಕಂಡೇ ನಾನು ಲೆನ್ಸು ಸರಿ ಮಾಡಿದ್ದು."

ಅವನು ತಲೆ ಎತ್ತಲಿಲ್ಲ. "ಹಗಲೆಲ್ಲ ಸೆರಗು ಹೊದ್ದಿರೋಳು. ರಾತ್ರಿ ದೀಪ ಆರಿಸ್ಬುಡೋಳು. ನಂಗೆ ಗೊತ್ತೇ ಇರ್ಲಿಲ್ಲ." ಆಮೇಲೆ ಕೇಳಿದ: "ಅಣ್ಣ, ನೀವು ಎಷ್ಟ್ ಹೊತ್ತು ನೋಡುದ್ರಿ ಅವ್ಳನ್ನ?"