ಹದಿಮೂರು ಕೊಡುತ್ತಿದ್ದ ಗಾಡಿ

ನಮ್ಮ ಮನೆಯಲ್ಲಿ ಸಂಸಾರದ ಮಾತಿಗಿಂತ ಮೈಲೇಜಿನ ಮಾತೇ ಹೆಚ್ಚು. ಹಿಂದೂಪುರದಿಂದ ಕಲ್ಯಾಣದುರ್ಗಕ್ಕೆ ಕಿರಾಣಿ ಸಾಮಾನು ಒಯ್ಯುವುದು, ಬರುವಾಗ ಅಲ್ಲಿಯ ತೋಟಗಳಿಂದ ಮೋಸಂಬಿ ತುಂಬಿಕೊಂಡು ಬರುವುದು, ಇದು ನನ್ನ ಯಜಮಾನರ ಕೆಲಸ. ಗಾಡಿ ಡೀಸೆಲ್ ಪಿಕಪ್, ಸ್ವಂತದ್ದು. ಟ್ಯಾಂಕನ್ನು ಬಾಯಿತನಕ ತುಂಬಿಸಿ ಮೀಟರ್ ನೋಡಿಟ್ಟುಕೊಳ್ಳುವರು. ಮತ್ತೆ ಬಾಯಿತನಕ ತುಂಬಿಸಿದಾಗ, ಓಡಿದ ದೂರವನ್ನು ಹಿಡಿಸಿದ ಲೀಟರಿನಿಂದ ಭಾಗಿಸಿ, ಮನೆಗೆ ಬಂದು ಕೈಕಾಲು ತೊಳೆಯುವ ಮುಂಚೆಯೇ "ಹದಿಮೂರು ಕಣೆ" ಎನ್ನುವರು. ಲೋಡಿನಲ್ಲಿ ಲೀಟರಿಗೆ ಹದಿಮೂರು ಕೊಡುವ ಗಾಡಿ ಸ್ಟ್ಯಾಂಡಿನಲ್ಲಿ ಇನ್ನಾರದ್ದೂ ಇರಲಿಲ್ಲ. ಮಗ ರ‍್ಯಾಂಕ್ ಬಂದವರ ಹಾಗೆ ಹೇಳಿಕೊಂಡು ತಿರುಗುವರು. ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದಿತ್ತು.

ಅವರ ಪ್ರಕಾರ ಡೀಸೆಲ್ ಕುಡಿಯುವುದು ಇಂಜಿನ್ ಅಲ್ಲ, ಡ್ರೈವರು. ಟೈರಿಗೆ ಗಾಳಿ ಕಮ್ಮಿಯಾದರೆ ಕುಡಿಯುತ್ತದೆ, ಫಿಲ್ಟರಿನಲ್ಲಿ ಧೂಳು ಕಟ್ಟಿದರೆ ಕುಡಿಯುತ್ತದೆ, ಟಾರ್ಪಾಲು ಸಡಿಲವಾಗಿ ಎದುರುಗಾಳಿಗೆ ಬಡಿದುಕೊಳ್ಳುತ್ತಿದ್ದರೂ ಕುಡಿಯುತ್ತದೆ, ಆದರೆ ಅದನ್ನೆಲ್ಲ ನೋಡಿಕೊಳ್ಳಬೇಕಾದವನು ಡ್ರೈವರೇ ತಾನೆ ಎನ್ನುವರು. ಎಲ್ಲಕ್ಕಿಂತ ದೊಡ್ಡ ಪಾಪ, ಗೇರು ಬದಲಿಸಿದ ಮೇಲೂ ಕ್ಲಚ್ಚಿನ ಮೇಲೆ ಕಾಲು ಇಟ್ಟುಕೊಳ್ಳುವುದು. ಕಾಲು ಕ್ಲಚ್ಚಿನ ಮೇಲೆ ಸುಮ್ಮನೆ ಮಲಗಿದ್ದರೂ ಸಾಕು, ಇಂಜಿನ್ ದುಡಿದದ್ದು ಚಕ್ರಕ್ಕೆ ಪೂರ್ತಿ ತಲುಪುವುದಿಲ್ಲ. ಕಲಿಯಲು ಬಂದ ಹುಡುಗರಿಗೆ ಇದನ್ನೇ ಬೈದು ಬೈದು ಹೇಳಿಕೊಟ್ಟಿದ್ದರು.

ಒಂದು ಹೆಣ ಸಾಗಿಸಿದ ಮೇಲೆ ಮೈಲೇಜು ಇಳಿಯತೊಡಗಿತು.

ಅವತ್ತು ಮೋಸಂಬಿ ಸಿಕ್ಕಿರಲಿಲ್ಲ. ಕಲ್ಯಾಣದುರ್ಗದಿಂದ ಖಾಲಿ ಬರುತ್ತಿದ್ದಾಗ, ತೀರಿಕೊಂಡ ಮುದುಕನೊಬ್ಬನನ್ನು ಊರಿಗೆ ಒಯ್ಯಲು ಗಾಡಿಯಿಲ್ಲದೆ ಮನೆಯವರು ರಸ್ತೆಯಲ್ಲಿ ನಿಂತಿದ್ದರಂತೆ. ಇವರು ಬಾಡಿಗೆ ಮುಟ್ಟದೆ, ರೊದ್ದಂ ಹತ್ತಿರದ ಆ ಊರಿಗೆ ತಲುಪಿಸಿ ಬಂದರು. ಗಾಡಿಗೆ ಅರಿಶಿನದ ನೀರು ಹಾಕಿ ತೊಳೆದು, ನಾಲ್ಕೂ ಚಕ್ರಕ್ಕೆ ನಿಂಬೆಹಣ್ಣು ಇಟ್ಟು ಹತ್ತಿಸಿದೆವು. ಆಮೇಲೆ ಹದಿಮೂರು ಹನ್ನೆರಡಾಯಿತು, ಹನ್ನೊಂದಾಯಿತು, ಹತ್ತಕ್ಕೆ ಬಂದು ನಿಂತಿತು.

ಮೊದಲು ಅನುಮಾನ ಹೋದದ್ದು ಡೀಸೆಲ್ ಮೇಲೆ. ನಮ್ಮ ಕಡೆಯವರೆಲ್ಲ ಬಾರ್ಡರ್ ದಾಟಿ, ಅಗ್ಗವೆಂದು ಕರ್ನಾಟಕದ ಬಂಕಿನಲ್ಲೇ ತುಂಬಿಸುವುದು. ಬಂಕ್ ಬದಲಿಸಿದರು. ಟೈರು ನೋಡಿಸಿದರು, ಫಿಲ್ಟರ್ ಹಾಕಿಸಿದರು, ಬ್ರೇಕು ಹಿಡಿದುಕೊಂಡಿದೆಯೇನೋ ಎಂದು ಚಕ್ರ ಬಿಚ್ಚಿಸಿದರು. ಹತ್ತು ಹತ್ತೇ. ಮೆಕ್ಯಾನಿಕ್ಕು ನಗುತ್ತಾ, "ಅಣ್ಣಾ, ಕ್ಲಚ್ ಮೇಲೆ ಕಾಲು ಇಟ್ಕೊಂಡೇ ಓಡಿಸ್ತಾ ಇದೀಯೇನು?" ಎಂದು ಕೇಳಿದ್ದಕ್ಕೆ, ತಾಯಿಯ ಶೀಲದ ಬಗ್ಗೆ ಕೇಳಿದಷ್ಟು ಸಿಟ್ಟಾಗಿ ಗಾಡಿ ಹೊರಡಿಸಿಕೊಂಡು ಬಂದುಬಿಟ್ಟರು.

"ಗಾಡಿ ಭಾರ ಐತೆ ಕಣೆ," ಎಂದರು ನನಗೆ. "ಖಾಲಿ ಇದ್ರೂ ಯಾರೋ ಹಿಂದೆ ಕುಂತಂಗೆ ಎಳೀತೈತೆ."

ನಮ್ಮತ್ತೆ ಕೂತಲ್ಲಿಂದಲೇ ತೀರ್ಪು ಕೊಟ್ಟರು. "ಹೆಣ ಇಳಿಸ್ಬುಟ್ಟು ಬಂದೆ, ಮುದುಕನ್ನ ಇಳಿಸ್ಲಿಲ್ಲ ಕಣಪ್ಪ. 'ನಿಮ್ಮೂರು ಬಂತು, ಇಳಿ' ಅಂತ ಹೇಳ್ಬೇಕಾಗಿತ್ತು. ಪಾಪ, ಅವನಿಗೇನು ಗೊತ್ತಾಯ್ತದೆ?"

ಅಂದಿನಿಂದ ಆ ಊರಿನ ತಿರುವಿನಲ್ಲಿ ಹೋಗುವಾಗಲೂ ಬರುವಾಗಲೂ ಗಾಡಿ ನಿಲ್ಲಿಸಿ, ಹಿಂದಿನ ಡೋರ್ ಬಿಚ್ಚಿ, "ನಿಮ್ಮೂರು ಬಂತು, ಇಳಿಯಪ್ಪಾ" ಎನ್ನತೊಡಗಿದರು. ಸತ್ತವನಿಗೆ ಕನ್ನಡ ಬರುತ್ತಿತ್ತೋ ಇಲ್ಲವೋ ಎಂದು, "ಮೀ ಊರು ವಚ್ಚಿಂದಿ, ದಿಗು ತಾತಾ" ಎಂದು ತೆಲುಗಿನಲ್ಲೂ ಒಂದು ಸಲ. "ಟಿಕೆಟ್ಟೂ ಹರ್ದು ಕೊಡಿ" ಎಂದು ನಾನು ರೇಗಿಸುತ್ತಿದ್ದೆ. ಆದರೆ ಅವರು ಊಟ ಕಮ್ಮಿ ಮಾಡಿದರು. ಸ್ಟ್ಯಾಂಡಿನಲ್ಲಿ ಮೈಲೇಜಿನ ಮಾತು ಬಂದರೆ ಎದ್ದು ಹೋಗುತ್ತಿದ್ದರಂತೆ. ಗಾಡಿ ಓಡಿಸುವುದು ಬಿಟ್ಟರೆ ಈ ಮನುಷ್ಯನಿಗೆ ಬೇರೆ ಯಾವ ಹೆಮ್ಮೆಯೂ ಇಲ್ಲ, ಅದು ಹೋದರೆ ಇವರು ಉಳಿಯುವುದಿಲ್ಲ ಎಂದು ನನಗೆ ಭಯವಾಯಿತು.

ಕಲ್ಯಾಣದುರ್ಗದಲ್ಲಿ ನನ್ನ ತಂಗಿ ಇದ್ದಾಳೆ. ಅವಳನ್ನು ನೋಡುವ ನೆಪದಲ್ಲಿ ಒಂದು ದಿನ ಜೊತೆಗೆ ಹೊರಟೆ. ಆ ತಿರುವು ಬಂದಾಗ ನಡು ಮಧ್ಯಾಹ್ನ. ಡೋರ್ ಬಿಚ್ಚಿದರು, ಎರಡೂ ಭಾಷೆಯಲ್ಲಿ ಹೇಳಿದರು, ಒಬ್ಬರು ಇಳಿಯುವಷ್ಟು ಹೊತ್ತು ಕಾದರು. ಸಾಮಾನಿನ ಮೂಟೆಗಳ ನಡುವೆ ಜಾಗವೇ ಇರಲಿಲ್ಲ, ಆದರೂ ಅವರು ಪಕ್ಕಕ್ಕೆ ಸರಿದು ದಾರಿ ಬಿಟ್ಟದ್ದನ್ನು ಕನ್ನಡಿಯಲ್ಲಿ ಕಂಡು ನನ್ನ ಬೆನ್ನು ತಣ್ಣಗಾಯಿತು.

ಮುಂದೆ ಗಾಳಿಯಿಂದ ಕರೆಂಟು ತೆಗೆಯುವ ದೊಡ್ಡ ಫ್ಯಾನುಗಳು ಕಾಣತೊಡಗಿದವು. ಏನೋ ಸುಟ್ಟ ವಾಸನೆ. ಜಾರಿ ಬಿದ್ದ ನೀರಿನ ಬಾಟಲಿ ಎತ್ತಿಕೊಳ್ಳಲು ಬಗ್ಗಿದೆ. ಅವರ ಎಡಗಾಲಿನ ಚಪ್ಪಲಿ ಒಂದು ಕಡೆ ಬಿದ್ದಿತ್ತು, ಬರಿಗಾಲು ಕ್ಲಚ್ಚಿನ ಮೇಲಿತ್ತು.

"ಅಯ್ಯೋ, ಕ್ಲಚ್ ಮೇಲಿಂದ ಕಾಲು ತೆಗೀರಿ."

"ತಗ್ದೀನಿ ಕಣೆ."

ಕಾಲು ಅಲ್ಲೇ ಇತ್ತು.

"ತೆಗೀರಿ ಅಂದ್ರೆ!"

"ತಗ್ದೀನಿ ಅಂದ್ನಲ್ಲ. ನೀನೂ ಆ ಮೆಕ್ಯಾನಿಕ್ ಥರಾನೇ ಆಡ್ತೀಯಲ್ಲ."

ನಾನು ಆ ಪಾದದ ಮೇಲೆ ಕೈ ಇಟ್ಟೆ. ಅವರು ರಸ್ತೆ ನೋಡುತ್ತಲೇ ಇದ್ದರು. ಉಗುರಿನಿಂದ ಜೋರಾಗಿ ಚಿವುಟಿದೆ. "ಕೆಳಗೇನು ಹುಡುಕ್ತಾ ಇದೀಯ? ಎದ್ದು ಸರಿಯಾಗಿ ಕುಂತ್ಕೊ," ಎಂದರು. ಕೈಯಲ್ಲಿ ಯಾರದೋ ಕಾಲು ಹಿಡಿದ ಹಾಗಿತ್ತು. ನಾನು ಕಿರುಚಿದೆ.

ಗಾಡಿ ನಿಲ್ಲಿಸಿ ಬಗ್ಗಿ ನೋಡಿಕೊಂಡರು. ಪೆಡಲಿನ ರಬ್ಬರು ಸವೆದು ಹೋಗಿತ್ತು, ಕಾದ ಕಬ್ಬಿಣಕ್ಕೆ ಅಂಗಾಲು ಬೊಬ್ಬೆ ಬಂದು, ಒಡೆದು, ಒಳಗಿನ ಮಾಂಸ ಕಾಣುತ್ತಿತ್ತು. ಅದನ್ನು ಎರಡೂ ಕೈಯಲ್ಲಿ ಎತ್ತಿ ತೊಡೆಯ ಮೇಲಿಟ್ಟುಕೊಂಡು, "ಇದು ಯಾವಾಗ ಆಯ್ತು?" ಎಂದು ನನ್ನನ್ನು ಕೇಳಿದರು.

ಸಕ್ಕರೆ ಕಾಯಿಲೆ ಇದ್ದದ್ದು ಗೊತ್ತಿತ್ತು. ಮಾತ್ರೆ ಮಾತ್ರ ಮನಸ್ಸು ಬಂದಾಗ. ಒಳಗೊಳಗೇ ಕಾಲಿನ ಸ್ಪರ್ಶ ಹೋಗಿತ್ತು, ಹಿಂದೆ ಕೂತು ಎಳೆಯುತ್ತಿದ್ದ ಭಾರ ಆ ಕಾಲಿನದೇ ಆಗಿತ್ತು. ಬೆಂಗಳೂರಿನ ಆಸ್ಪತ್ರೆಯಲ್ಲಿ ಎಷ್ಟೋ ನೋಡಿದರು, ಕೊನೆಗೆ ಮೊಣಕಾಲಿನ ಕೆಳಗೆ ತೆಗೆದರು.

ಇದ್ದಾಗ ಗೊತ್ತೇ ಆಗದ ಕಾಲು, ಹೋದ ಮೇಲೆ ನೋಯತೊಡಗಿತು. "ಹೆಬ್ಬೆರಳು ಉರೀತೈತೆ ಕಣೆ, ಒಸಿ ಉಜ್ಜು," ಎನ್ನುವರು. ಎಲ್ಲಿ ಉಜ್ಜಲಿ? ಹೊದಿಕೆ ಚಪ್ಪಟೆಯಾಗಿ ಬಿದ್ದಿತ್ತು. ತಡೆಯಲಾರದೆ ಒಂದು ದಿನ, ಪಾದ ಇರಬೇಕಾಗಿದ್ದ ಕಡೆ ಬರೀ ಹಾಸಿಗೆಯನ್ನು ಉಜ್ಜಿದೆ. "ಹಾ, ಅಲ್ಲೇ," ಎಂದು ಕಣ್ಣು ಮುಚ್ಚಿದರು. ನನ್ನ ಕೈ ಅಲ್ಲಿಂದ ಏಳಲಿಲ್ಲ. ಏನೋ ಬೆಚ್ಚಗೆ ತಾಗಿದಂತಾಯಿತು ಎಂದರೆ ನೀವು ನಂಬಬೇಡಿ, ನಾನೂ ನಂಬುವುದಿಲ್ಲ.

ಗಾಡಿ ಮಾರೋಣ ಎಂದರು ಎಲ್ಲರೂ. ನಾನು ಒಪ್ಪಲಿಲ್ಲ. ಅವರ ಬೈಗುಳ ತಿನ್ನುತ್ತಲೇ ಓಡಿಸಲು ಕಲಿತೆ, ಲೈಸೆನ್ಸ್ ಮಾಡಿಸಿಕೊಂಡೆ. ಹೆಂಗಸು ಮೋಸಂಬಿ ಲೋಡು ತರುತ್ತಾಳೆ ಎಂದು ಜನ ನಿಂತು ನೋಡುವರು. ನೋಡಲಿ, ಕಣ್ಣಿಗೇನು ತೆರಿಗೆ? ಅವರು ಎಡಗಡೆ ಸೀಟಿನಲ್ಲಿ, ಊರುಗೋಲು ಹಿಡಿದುಕೊಂಡು ಜೊತೆಗೆ ಬರುತ್ತಾರೆ. ಮೈಲೇಜಿನ ಲೆಕ್ಕವನ್ನೂ ನನಗೇ ಬಿಟ್ಟಿದ್ದರು, ಎರಡನೆಯ ಸಲ ಟ್ಯಾಂಕ್ ತುಂಬಿಸಿದಾಗ ಹಾಕಿ ನೋಡಿದೆ. ಹದಿಮೂರು. ಮೊನ್ನೆ ಮೊನ್ನೆ ಕಲಿತ ನನಗೆ ಹದಿಮೂರು! ಸಂತೋಷವಾಗಬೇಕಿತ್ತು, ಆಗಲಿಲ್ಲ. ಅವರು ಸ್ಟೀರಿಂಗ್ ಬಿಟ್ಟದ್ದೇ ಗಾಡಿ ಹಗುರವಾಗಿತ್ತು.

"ಎಷ್ಟು ಬಂತು?" ಎಂದು ಕೇಳಿದರು.

"ಹತ್ತು," ಎಂದೆ. ಮುಂದಿನ ಸಲವೂ ಹತ್ತು, ಅದರ ಮುಂದಿನ ಸಲವೂ ಹತ್ತು. ಅವರ ಮನಸ್ಸು ನೋಯದಿರಲಿ ಎಂದಷ್ಟೇ. ಅವರು ನನ್ನ ಕಾಲಿನ ಹತ್ತಿರ ಬಗ್ಗಿ ಬಗ್ಗಿ ನೋಡುತ್ತಿದ್ದರು. ನನ್ನ ತಪ್ಪು ಹುಡುಕುತ್ತಿದ್ದಾರೆ ಎಂದುಕೊಂಡೆ.

ಹೋದ ವಾರ, ಆ ಮುದುಕನ ಊರಿನ ತಿರುವು ದಾಟುವಾಗ ಮೆಲ್ಲಗೆ ಹೇಳಿದರು. "ನಿನ್ ಕಾಲು ಸರಿಯಾಗೇ ಐತೆ ಕಣೆ. ನಾನೇ. ನಂದು ಇನ್ನೂ ಕ್ಲಚ್ ಮೇಲೇ ಐತೆ. ತೆಗೀಬೇಕು ಅಂತ ಎಷ್ಟು ನೋಡಿದ್ರೂ ಬತ್ತಾ ಇಲ್ಲ."

ಅವರ ಹಣೆಯಲ್ಲಿ ಬೆವರು ಬಂದಿತ್ತು. ಮೊಂಡಗಾಲು ಪಂಚೆಯೊಳಗೆ ಅದುರುತ್ತಿತ್ತು. ಇಷ್ಟು ದಿನವೂ ಪಕ್ಕದಲ್ಲಿ ಕೂತು ಇಲ್ಲದ ಕಾಲನ್ನು ಎತ್ತುತ್ತಿದ್ದರು, ಎತ್ತಿಸುತ್ತಿದ್ದವಳು ನಾನು.

ಗಾಡಿ ಪಕ್ಕಕ್ಕೆ ಹಾಕಿದೆ. "ಸುಳ್ಳು ಹೇಳಿದ್ದೆ," ಎಂದೆ. "ಹದಿಮೂರು ಬತ್ತೈತೆ. ಮೊದಲಿಂದಲೂ ಹದಿಮೂರೇ."

ಅವರು ಬಾಗಿಲಿನ ಆಚೆ, ಊರಿಗೆ ಹೋಗುವ ಮಣ್ಣಿನ ದಾರಿಯನ್ನೇ ನೋಡುತ್ತಿದ್ದರು.

"ಹಂಗಾರೆ ಕಾಲು ಇಳ್ದೋಯ್ತು," ಎಂದರು. "ಎಲ್ಲಿ ಇಳೀತೋ, ನಂಗೆ ಗೊತ್ತೇ ಆಗ್ಲಿಲ್ಲ ನೋಡು."