ರಾಚವ್ವನ ಸಲುವಾಗಿ

ಯರಗಟ್ಟಿಯ ನಮ್ಮ ಸಭೆ ಎಂದರೆ ಹದಿನಾರು ಮನೆಗಳು. ಹೆಂಚು ಹೊದಿಸಿದ ಒಂದು ಉದ್ದನೆಯ ಕೋಣೆ, ನೆಲಕ್ಕೆ ಎರಡು ಜಮಖಾನೆ, ಗೋಡೆಗೆ ಕಟ್ಟಿಗೆಯ ಶಿಲುಬೆ. ಇಷ್ಟೇ ನಮ್ಮ ದೇವಾಲಯ. ನಮ್ಮ ಪಾದ್ರಿ ಅಯ್ಯನವರು ಇರುವುದು ಬೈಲಹೊಂಗಲದಲ್ಲಿ. ಇಂಥ ಐದು ಸಭೆಗಳನ್ನು ಅವರೊಬ್ಬರೇ ನೋಡಿಕೊಳ್ಳಬೇಕಾಗಿದ್ದರಿಂದ ನಮ್ಮ ಪಾಲಿಗೆ ತಿಂಗಳಿಗೆ ಒಂದು ರವಿವಾರ ಸಿಗುತ್ತಿದ್ದರು. ಉಳಿದ ರವಿವಾರಗಳಲ್ಲಿ ಆರಾಧನೆ ನಡೆಸುವ ಕೆಲಸ ನನ್ನದು. ನಾನು ಪ್ರಾಥಮಿಕ ಶಾಲೆಯ ಮಾಸ್ತರ. ಬೈಬಲ್ ಓದಲು, ಹಾಡಿನ ನಂಬರು ಹೇಳಲು, ತಡವಾಗಿ ಬಂದವರನ್ನು ಕಣ್ಣು ಕೆಕ್ಕರಿಸಿ ನೋಡಲು ನನ್ನಂಥವನು ಸಾಕು. ಆದರೆ ಒಬ್ಬರ ಕಷ್ಟವನ್ನು ಎತ್ತಿಕೊಂಡು ದೇವರ ಮುಂದೆ ಇಡುವ ಪ್ರಾರ್ಥನೆ ಇದೆಯಲ್ಲ, ಅದು ರಾಚವ್ವನದು.

ರಾಚವ್ವ ಬಸ್ ಸ್ಟ್ಯಾಂಡಿನ ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದು ಕೊಡುತ್ತಿದ್ದಳು. ಹೊತ್ತು ಮೂಡುವುದಕ್ಕೆ ಒಲೆ ಮುಂದೆ ಕೂತರೆ ಹತ್ತು ಗಂಟೆಯ ತನಕ ಏಳುವ ಹಾಗಿರಲಿಲ್ಲ. ಸಭೆಯ ಜನಕ್ಕೆ ಅದೇ ಅನುಕೂಲವಾಯಿತು. ಒಲೆಯ ಮುಂದೆ ಸಿಕ್ಕಿಬಿದ್ದ ಹೆಂಗಸು ಎದ್ದು ಎಲ್ಲಿಗೆ ಹೋದಾಳು? ಹೋಗಿ ಹೊಸ್ತಿಲ ಮೇಲೆ ಕೂತು ನಮ್ಮ ನಮ್ಮ ಗೋಳು ಹೇಳಿಕೊಳ್ಳುತ್ತಿದ್ದೆವು. ಆಕೆ ಬಡಿಯುತ್ತ ಬಡಿಯುತ್ತ ಕೇಳುತ್ತಿದ್ದಳು. ಬರೀ ಕೇಳುವುದಲ್ಲ, ಕೆದಕಿ ಕೇಳುತ್ತಿದ್ದಳು. ಮೊಣಕಾಲು ನೋವೆಂದರೆ ಎಡಗಾಲೋ ಬಲಗಾಲೋ, ಕೂತಾಗಲೋ ಎದ್ದಾಗಲೋ. ಸೊಸೆ ಮಾತಾಡುವುದಿಲ್ಲವೆಂದರೆ ಯಾವಾಗಿನಿಂದ, ಅದಕ್ಕೂ ಮುಂಚೆ ನೀನು ಆಕೆಗೆ ಏನೆಂದೆ. ಮರುದಿನದಿಂದ ಒಂದೊಂದು ರೊಟ್ಟಿಗೆ ಒಂದೊಂದು ಹೆಸರು. ಹಿಟ್ಟಿನ ಮುದ್ದೆ ಕೈಗೆ ತೆಗೆದುಕೊಂಡಾಗ ಹೆಸರು ಹಿಡಿದರೆ ರೊಟ್ಟಿ ಹಂಚಿನಿಂದ ಇಳಿಯುವವರೆಗೆ ಆ ಒಬ್ಬರಿಗಾಗಿ ಮಾತ್ರ ಪ್ರಾರ್ಥನೆ. ಮಡಿವಾಳೆಪ್ಪನ ರೊಟ್ಟಿ ದಿನಾ ಸೀಯುತ್ತಿತ್ತು. ಕುಡುಕನ ಸಲುವಾಗಿ ದೇವರಿಗೆ ಹೇಳಬೇಕಾದದ್ದು ಬಹಳ ಇರುತ್ತದೆ, ಹಂಚು ಅಲ್ಲಿಯವರೆಗೆ ಕಾಯುವುದಿಲ್ಲ.

ನನಗೆ ಮಾಸ್ತರಿಕೆಯ ಚಟ, ತಪ್ಪು ಹುಡುಕದಿದ್ದರೆ ಉಂಡದ್ದು ಅರಗುವುದಿಲ್ಲ. ಒಮ್ಮೆ ಕೇಳಿಯೇ ಬಿಟ್ಟೆ, ದೇವರಿಗೆ ಎಲ್ಲವೂ ಗೊತ್ತಿರುವಾಗ ಎಡಗಾಲು ಬಲಗಾಲು ಎಂದು ಇಷ್ಟೆಲ್ಲ ವಿಚಾರಣೆ ಯಾಕೆ ಎಂದು. ಆಕೆ ರೊಟ್ಟಿ ತಿರುವಿ ಹಾಕಿದಳು.

"ಅವಗ ಗೊತ್ತೈತ್ರಿ ಮಾಸ್ತರ್ರ. ನನಗ ಗೊತ್ತಿರಬೇಕಲ್ರಿ."

ರವಿವಾರ ಆಕೆ ಎದ್ದು ನಿಂತು ಗಟ್ಟಿಯಾಗಿ ಪ್ರಾರ್ಥಿಸುವಾಗ ಮೈ ಜುಮ್ಮೆನ್ನುತ್ತಿತ್ತು. ದೊಡ್ಡ ಮಾತುಗಳೇನೂ ಇಲ್ಲ. ತಂದೆಯೇ, ಶಟ್ಟೆಪ್ಪನ ಎಮ್ಮೆ ಈದು ನಾಲ್ಕು ದಿನ ಆದವು, ಎಡಗಡೆಯ ಮುಂದಿನ ಮೊಲೆಯಲ್ಲಿ ಹಾಲಿಲ್ಲ, ಅವನ ಮನೆಯಲ್ಲಿ ಅದೇ ಆಧಾರ, ನೋಡು. ಹೀಗೆ. ಕೇಳುತ್ತ ಕೂತ ಶಟ್ಟೆಪ್ಪ ಒರಟ ಮನುಷ್ಯ, ಅವನೂ ಕಣ್ಣೊರೆಸಿಕೊಂಡು ಮೂಗು ಏರಿಸುತ್ತಿದ್ದ. ನಮ್ಮನ್ನು ಇಷ್ಟು ಚೆನ್ನಾಗಿ ಬಲ್ಲವರು ಒಬ್ಬರಿದ್ದಾರಲ್ಲ ಎಂಬ ಸಮಾಧಾನ ಅದು. ಆಕೆ ಇದ್ದಾಳೆಂದು ಉಳಿದವರೆಲ್ಲ ಬಾಯಿಬಿಟ್ಟು ಪ್ರಾರ್ಥಿಸುವುದನ್ನೇ ಕೈಬಿಟ್ಟೆವು. ನಮ್ಮದೇನಿದ್ದರೂ ಕೊನೆಗೆ ಆಮೆನ್ ಅನ್ನುವುದಷ್ಟೇ.

ತೊಂಬತ್ನಾಲ್ಕರಲ್ಲಿ ಆಕೆ ನಾಲ್ಕು ದಿನ ಊರಲ್ಲಿ ಇರಲಿಲ್ಲ. ಯಾವುದೋ ಮದುವೆಗೆ ಹೋಗಿದ್ದಳು. ಅದೇ ವಾರ ಪರಪ್ಪನ ಹತ್ತು ತಿಂಗಳ ಮೊಮ್ಮಗನಿಗೆ ಜ್ವರ ನೆತ್ತಿಗೇರಿ, ಸವದತ್ತಿ ದವಾಖಾನೆಗೆ ಒಯ್ಯುವ ದಾರಿಯಲ್ಲೇ ಕೂಸು ಹೋಯಿತು. ಮದುವೆ ಮುಗಿಸಿ ಬಂದ ರಾಚವ್ವ ಬಸ್ಸಿಳಿದವಳೇ ಚೀಲದ ಸಮೇತ ಪರಪ್ಪನ ಮನೆಗೆ ಓಡಿದಳು. ಪರಪ್ಪನ ಹೆಂಡತಿ ಸಾವಿತ್ರೆವ್ವ ಆಕೆಯ ಕೊರಳಿಗೆ ಬಿದ್ದು ಅತ್ತಳು.

"ನೀ ಇದ್ದಿದ್ರ ಕೂಸು ಉಳೀತಿತ್ತವ್ವ."

ದುಃಖದಲ್ಲಿ ಆಡಿದ ಮಾತು. ಸಾವಿತ್ರೆವ್ವನಿಗೆ ಬೈಯುವ ಮನಸ್ಸಿರಲಿಲ್ಲ, ಹೊಗಳಿಕೆಯೆಂದೇ ಅಂದಳೋ ಏನೋ. ಆದರೆ ಆ ಮಾತು ರಾಚವ್ವನ ಕಾಲಿಗೆ ಸರಪಳಿ ಹಾಕಿತು. ಅಂದಿನಿಂದ ಆಕೆ ಯರಗಟ್ಟಿ ಬಿಟ್ಟು ಒಂದು ರಾತ್ರಿಯೂ ಹೊರಗೆ ಉಳಿಯಲಿಲ್ಲ. ಹೋದರೆ ಬೆಳಗಿನ ಬಸ್ಸಿಗೆ ಹೋಗಿ ದೀಪ ಹಚ್ಚುವುದರೊಳಗೆ ವಾಪಸು. ನಾವೇನು ಮಾಡಿದೆವು? ಅದು ಅಂಜಿಕೆ ಎಂದು ತಿಳಿದು ಬಿಡಿಸಿದೆವೋ? ಇಲ್ಲ. ಅದನ್ನೇ ನೇಮ ಮಾಡಿಕೊಂಡೆವು. ರಾಚವ್ವ ಒಬ್ಬರ ಹೆಸರು ಎತ್ತಿಕೊಂಡ ಮೇಲೆ ಅವರ ಕೆಲಸ ಆಗುವ ತನಕ ಊರು ಬಿಡಬಾರದು. ಇದನ್ನು ಯಾವ ಅಧ್ಯಾಯದಲ್ಲಿ ಓದಿದೆವೋ ಆ ದೇವರಿಗೇ ಗೊತ್ತು. ಹದಿನಾರು ಮನೆಯಲ್ಲಿ ಯಾರದೋ ಒಬ್ಬರ ಕೆಲಸ ಯಾವಾಗಲೂ ಬಾಕಿ ಇದ್ದೇ ಇರುತ್ತಿತ್ತು.

ತೊಂಬತ್ತೊಂಬತ್ತರ ನವೆಂಬರಿನಲ್ಲಿ ರಾಚವ್ವನಿಗೆ ಎದೆಯಲ್ಲಿ ಗಂಟು ಕೈಗೆ ತಗುಲಿತು. ಬೈಲಹೊಂಗಲಕ್ಕೆ ಹೋಗಿ ಒಬ್ಬ ಡಾಕ್ಟರಮ್ಮನಿಗೆ ತೋರಿಸಿ, ಕತ್ತಲಾಗುವುದರೊಳಗೆ ಬಂದಳು. ಇಂಥದಕ್ಕೆ ತಡ ಮಾಡಬಾರದು, ಬೆಳಗಾವಿಗೆ ಹೋಗಿ ಡಿಸೆಂಬರಿನಲ್ಲೇ ತೆಗೆಸಿಬಿಡು, ಹದಿನೈದು ದಿನ ಅಲ್ಲೇ ಇರಬೇಕಾಗುತ್ತದೆ ಎಂದು ಆ ಡಾಕ್ಟರಮ್ಮ ಹೇಳಿದ್ದರಂತೆ. ಇದೆಲ್ಲ ನನಗೆ ತಿಳಿದದ್ದು ಆಮೇಲೆ. ಗಂಡಸರ ಮುಂದೆ ಬಾಯಿಬಿಟ್ಟು ಹೇಳುವ ಬೇನೆಯಲ್ಲ ಅದು. ಆಗ ಆಕೆ ನಮಗೆ ಹೇಳಿದ್ದು ಬೆಳಗಾವಿ ದವಾಖಾನೆಗೆ ಹೋಗಬೇಕಾಗಿದೆ ಎಂದಷ್ಟೇ. ಯಾಕೆ ಎಂದು ಒಬ್ಬರೂ ಕೇಳಲಿಲ್ಲ. ಆಕೆ ನಮ್ಮನ್ನು ಕೇಳುತ್ತಿದ್ದಂತೆ ಎಡವೋ ಬಲವೋ ಎಂದು ಯಾರಾದರೂ ಕೇಳಿದ್ದರೆ ಸಾಕಿತ್ತು.

ಡಿಸೆಂಬರಿನಲ್ಲಿ ಪರಪ್ಪನ ಸೊಸೆಗೆ ಏಳು ತುಂಬಿತ್ತು. ಹಿಂದೆ ಕೂಸನ್ನು ಕಳಕೊಂಡ ಮನೆ. ಹಡೆಯುವ ತನಕ ನೀ ಎಲ್ಲಿಯೂ ಹೋಗಬೇಡವ್ವ ಎಂದು ಸಾವಿತ್ರೆವ್ವ ಆಕೆಯ ಎರಡೂ ಕೈ ಹಿಡಿದುಕೊಂಡಳು. ಬಿಡಿಸಿಕೊಳ್ಳಲು ರಾಚವ್ವನಿಂದ ಆಗಲಿಲ್ಲ. ಫೆಬ್ರವರಿಯಲ್ಲಿ ಹೆಣ್ಣು ಕೂಸು ಹುಟ್ಟಿತು, ಕಾಮಾಲೆ ಎಂದು ಮತ್ತೆ ಮೂರು ವಾರ ಹಿಡಿಯಿತು.

ಮಾರ್ಚಿನಲ್ಲಿ ಮಡಿವಾಳೆಪ್ಪ ಬಂದ. ಯೇಸುವಿನ ಶ್ರಮೆ ನೆನೆಯುವ ನಲವತ್ತು ದಿನ, ಈಸ್ಟರ್ ಹಬ್ಬದ ತನಕ, ಹನಿ ಮುಟ್ಟುವುದಿಲ್ಲವೆಂದು ಸಭೆಯ ಮುಂದೆ ನೇಮ ಹಿಡಿದಿದ್ದ. ಒಳ್ಳೆಯದೇ. ಆದರೆ ರಾಚವ್ವ ಊರು ಬಿಟ್ಟ ದಿನವೇ ನಾನು ಅಂಗಡಿಗೆ ಹೋಗುತ್ತೇನೆ ಎಂದು ಹೊಸ್ತಿಲ ಮೇಲೆ ಕೂತು ಹೆದರಿಸಿದ. ಅವನ ಹೆಂಡತಿ ಹಿಂದೆ ನಿಂತು ಸೆರಗು ಒಡ್ಡಿದಳು. ರಾಚವ್ವ ಮತ್ತೆ ನಿಂತಳು. ಮಡಿವಾಳೆಪ್ಪ ನಲವತ್ತು ದಿನ ಕುಡಿಯಲಿಲ್ಲ, ನಲವತ್ತೊಂದನೆಯ ದಿನ ಈಸ್ಟರ್ ಊಟ ಮುಗಿಸಿ ನೆಟ್ಟಗೆ ಅಂಗಡಿಗೇ ಹೋದ.

ಅಷ್ಟೊತ್ತಿಗೆ ಆಕೆ ಎಡಗೈಯಲ್ಲಿ ರೊಟ್ಟಿ ಬಡಿಯತೊಡಗಿದ್ದಳು. ಬಲಗೈ ಎತ್ತಲು ಆಗುತ್ತಿರಲಿಲ್ಲ. ರೊಟ್ಟಿ ದುಂಡಗಾಗುತ್ತಿಲ್ಲವೆಂದು ಖಾನಾವಳಿಯವರು ಗೊಣಗಿದರು. ನಾನೂ ನೋಡಿದೆ. ನೋಡಿ, ವಯಸ್ಸಾಯಿತು ಎಂದುಕೊಂಡೆ.

ಏಪ್ರಿಲ್ ಕೊನೆಯಲ್ಲಿ ಆಕೆ ನಮ್ಮ ಮನೆಗೇ ಬಂದಳು. ಆಕೆ ಬೇರೆಯವರ ಹೊಸ್ತಿಲಿಗೆ ಬಂದದ್ದೇ ಅಪರೂಪ. ಇನ್ನು ತಡ ಮಾಡಿದರೆ ಆಗುವುದಿಲ್ಲ, ಬರುವ ವಾರ ಬೆಳಗಾವಿಗೆ ಹೋಗಲೇ ಎಂದು ಕೇಳಿದಳು. ಅಪ್ಪಣೆ ಕೇಳಿದಳು ನೋಡಿ, ನನ್ನಂಥವನ ಹತ್ತಿರ. ನನ್ನ ಮಗಳು ಶೀತಲ ಆ ವರ್ಷ ಹತ್ತನೆಯ ಇಯತ್ತೆಯ ಪರೀಕ್ಷೆ ಬರೆದಿದ್ದಳು, ಗಣಿತದ ಪೇಪರು ಕೆಟ್ಟಿತ್ತು. ಬರೆದು ಮುಗಿಸಿ ಕಟ್ಟಿ ಕಳಿಸಿದ ಪೇಪರಿನಲ್ಲಿ ದೇವರು ಇನ್ನೇನು ತಿದ್ದುತ್ತಾನೆ ಎಂದು ಬೇರೆಯವರಾಗಿದ್ದರೆ ನಾನೇ ಗದರಿಸುತ್ತಿದ್ದೆ. ನನ್ನ ಮಗಳ ಮಾತು ಬಂದಾಗ ಬುದ್ಧಿ ಎಲ್ಲಿಗೆ ಹೋಯಿತೋ.

"ಒಂದ ಮೂರ ವಾರ ತಡಿ ರಾಚವ್ವ. ರಿಸಲ್ಟ್ ಒಂದ ಬರ್ಲಿ" ಎಂದೆ.

ಗಣಿತದಲ್ಲಿ ಶೀತಲ ಯಾವ ಲೆಕ್ಕ ಬಿಟ್ಟಳಂತೆ ಎಂದು ಆಕೆ ಕೇಳಿದಳು. ನಾನು ಉತ್ಸಾಹದಿಂದ ಹೇಳುತ್ತ ಕೂತೆ. ಆ ಹೊತ್ತು ನೆನಪಾದರೆ ಈಗಲೂ ನನ್ನ ಕಪಾಳಕ್ಕೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ.

ಮೇ ತಿಂಗಳಲ್ಲಿ ಫಲಿತಾಂಶ ಬಂತು, ಶೀತಲ ಪಾಸಾದಳು. ಅದರ ಮುಂದಿನ ರವಿವಾರ ಅಯ್ಯನವರು ಇರಲಿಲ್ಲ, ಆರಾಧನೆ ನನ್ನದೇ. ಹಾಡು, ಓದು ಮುಗಿದ ಮೇಲೆ ಎಂದಿನಂತೆ ಯಾರಿಗಾದರೂ ವಿನಂತಿ ಇದೆಯೇ ಎಂದು ಕೇಳಿದೆ. ಶಟ್ಟೆಪ್ಪ ಏನೋ ಹೇಳಲು ಎದ್ದ. ಅವನಿಗಿಂತ ಮೊದಲು ಹೆಂಗಸರ ಸಾಲಿನಲ್ಲಿ ರಾಚವ್ವ ಎದ್ದು ನಿಂತಿದ್ದಳು.

"ನನ್ನದೊಂದ ಐತ್ರಿ. ಎದಿಯಾಗ ಗಂಟ ಆಗೈತಿ. ಮಂಗಳವಾರ ಬೆಳಗಾವಿಗೆ ಹೊಂಟೇನಿ, ಕೊಯ್ಯತಾರಂತ. ನನಗ ಭಾಳ ಅಂಜಿಕಿ ಬಂದೈತಿ. ನಾ ಇಲ್ಲದಾಗ ಇಲ್ಲಿ ಏನರ ಆದ್ರ ನನ್ನ ಮ್ಯಾಲೆ ಹಾಕಬ್ಯಾಡ್ರಿ. ಯಾರರ ನನ್ನ ಸಲುವಾಗಿ ಪ್ರಾರ್ಥನಾ ಮಾಡ್ರಿ."

ನಾನು ಕೇಳಿಸಿಕೊಂಡೆ. ತಲೆಯೊಳಗೆ ಇಳಿಯಿತೋ ಇಲ್ಲವೋ, ಹನ್ನೊಂದು ವರ್ಷದ ರೂಢಿ ನಾಲಿಗೆಯ ಮೇಲೆ ಕೂತಿತ್ತು.

"ಈ ವಿನಂತಿ ಸಲುವಾಗಿ ರಾಚವ್ವ ಪ್ರಾರ್ಥನಾ ಮಾಡ್ತಾರ. ಎಲ್ಲಾರೂ ತಲಿ ಬಗ್ಗಸ್ರಿ."

ಎಲ್ಲರೂ ತಲೆ ಬಗ್ಗಿಸಿದರು. ನಾನೂ ಕಣ್ಣು ಮುಚ್ಚಿದೆ. ಒಬ್ಬರಿಗೂ ಏನೂ ತಪ್ಪು ಕಾಣಲಿಲ್ಲ. ಕಾದೆವು. ಹೊರಗೆ ಬೆಳಗಾವಿ ರಸ್ತೆಯಲ್ಲಿ ಎರಡು ಬಸ್ಸು ಹೋದವು. ಆಕೆಯ ದನಿ ಬರಲಿಲ್ಲ. ನಾನು ಒಂದು ಕಣ್ಣು ತೆರೆದೆ. ರಾಚವ್ವ ನಿಂತೇ ಇದ್ದಳು, ಕಣ್ಣು ತೆರೆದುಕೊಂಡು, ಬಗ್ಗಿದ ನಮ್ಮ ತಲೆಗಳನ್ನು ಒಂದೊಂದಾಗಿ ನೋಡುತ್ತಿದ್ದಳು.

"ಅದನ್ನೂ ನಾನ ಮಾಡ್ಲೇನ್ರಿ, ಮಾಸ್ತರ್ರ?"

ಆ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು. ದಣಿದ ಹೆಂಗಸೊಬ್ಬಳು ನಿಜಕ್ಕೂ ಕೇಳುತ್ತಿದ್ದಳು, ಮಾಡು ಎಂದರೆ ಮಾಡುತ್ತಿದ್ದಳು ಕೂಡ.

ಬೇಡ ಎಂದೆ. ಎದ್ದು ನಿಂತೆ. ಪರಲೋಕದಲ್ಲಿರುವ ತಂದೆಯೇ ಎಂದು ಶುರು ಮಾಡಿದೆ. ನಿನ್ನ ಮಗಳಾದ ರಾಚವ್ವ ಎಂದೆ. ಮುಂದೆ ಏನು ಹೇಳಲಿ? ಈಕೆ ಯಾವ ಊರವಳು? ಗಂಡ ಸತ್ತಿದ್ದಾನೋ ಬಿಟ್ಟುಹೋಗಿದ್ದಾನೋ? ತನ್ನವರು ಅಂತ ಯಾರಿದ್ದಾರೆ? ಗಂಟು ಯಾವ ಕಡೆಗೆ, ಎಷ್ಟು ದಿನದಿಂದ? ಶಟ್ಟೆಪ್ಪನ ಎಮ್ಮೆಯ ಮೊಲೆಯ ಸಂಗತಿ ದೇವರ ಮುಂದೆ ಇಟ್ಟವಳ ಬಗ್ಗೆ ನನಗೆ ಹೆಸರಿನ ಆಚೆ ಏನೂ ಗೊತ್ತಿರಲಿಲ್ಲ. ಯಾರಾದರೂ ನೆರವಿಗೆ ಬಂದಾರೆಂದು ಸುತ್ತ ನೋಡಿದೆ. ಪರಪ್ಪ, ಸಾವಿತ್ರೆವ್ವ, ಎಲ್ಲರೂ ನನ್ನ ಹಾಗೆಯೇ ತಡಕಾಡುತ್ತಿದ್ದರು. ಸುಳ್ಳು ಹೇಳುವುದೇಕೆ, ಹುಟ್ಟಿದಂದಿನಿಂದ ಅಷ್ಟು ನಾಚಿಕೆ ನನಗೆ ಆಗಿರಲಿಲ್ಲ.

ನಾನು ಬೆವರುತ್ತ ನಿಂತದ್ದನ್ನು ನೋಡಿ ರಾಚವ್ವನಿಗೆ ಪಾಪ ಅನ್ನಿಸಿರಬೇಕು. ನನ್ನನ್ನೂ ಆಕೆಯೇ ಎತ್ತಬೇಕಾಯಿತು.

"ನಮ್ಮೂರು ಸಾಲಹಳ್ಳಿರಿ" ಎಂದಳು. "ನಮ್ಮವ್ವನ ಹೆಸರು ಕೆಂಚವ್ವ. ಅಲ್ಲಿಂದ ಸುರು ಮಾಡ್ರಿ."

ಶುರು ಮಾಡಲಿಲ್ಲ. ಕೇಳಿದೆವು. ಸಾವಿತ್ರೆವ್ವ ಆಕೆಯನ್ನು ಕೈ ಹಿಡಿದು ಕೂರಿಸಿಕೊಂಡು ಒಂದೊಂದಾಗಿ ಕೇಳಿದಳು. ಗಂಡ ಲಾರಿ ಅಪಘಾತದಲ್ಲಿ ಹೋಗಿದ್ದ. ಮಕ್ಕಳಿರಲಿಲ್ಲ. ಮೂರು ವರ್ಷದ ಹಿಂದೆ ಸಾಲಹಳ್ಳಿಯಲ್ಲಿ ತಾಯಿ ತೀರಿಕೊಂಡಳೆಂದು ಬಸ್ಸಿನವರ ಕೈಯಲ್ಲಿ ಸುದ್ದಿ ಬಂದಿತ್ತು. ಆ ವಾರ ಶಟ್ಟೆಪ್ಪ ವಿಷಮಜ್ವರದಲ್ಲಿ ಮಲಗಿದ್ದ, ಆಕೆ ಅವನ ಹೆಸರು ಎತ್ತಿಕೊಂಡಿದ್ದಳು. ತಾಯಿಯ ಮಣ್ಣಿಗೆ ಹೋಗಲಿಲ್ಲ. ಒಲೆಯ ಮುಂದೆ ಅಳುತ್ತ ರೊಟ್ಟಿ ಬಡಿದಳು. ಅಂದು ವಿನಂತಿ ಹೇಳಲು ಹೋದವರೆಲ್ಲ ಹೊಗೆ ಎಂದುಕೊಂಡೆವು. ಒಣ ಕಟ್ಟಿಗೆ ಹಚ್ಚು ಎಂದು ಬುದ್ಧಿ ಹೇಳಿ ಬಂದವನು ನಾನೇ.

ಕೇಳಿ ಮುಗಿದ ಮೇಲೆ ಪ್ರಾರ್ಥಿಸಿದೆವು. ಒಬ್ಬೊಬ್ಬರು ಒಂದೊಂದು ಮಾತು, ತೊದಲುತ್ತ, ವ್ಯಾಕರಣವಿಲ್ಲದೆ. ಶಟ್ಟೆಪ್ಪ ತಂದೆಯೇ ಎಂದವನು ಅಷ್ಟಕ್ಕೇ ಕೂತುಬಿಟ್ಟ. ಆಮೆನ್ ಅಂದದ್ದು ರಾಚವ್ವ.

ಮಂಗಳವಾರ ಐದು ಮಂದಿ ಆಕೆಯ ಜೊತೆ ಬಸ್ಸು ಹತ್ತಿದೆವು. ಬೆಳಗಾವಿಯ ಡಾಕ್ಟರರು ಪರೀಕ್ಷೆ ಮಾಡಿ, ನಮ್ಮನ್ನು ಹೊರಗೆ ಕರೆದು, ಗಂಟು ಕಂಕುಳಿನ ತನಕ ಹಬ್ಬಿದೆ, ಇನ್ನು ಕೊಯ್ದು ಉಪಯೋಗವಿಲ್ಲ ಎಂದರು. ಬೈಲಹೊಂಗಲದ ಡಾಕ್ಟರಮ್ಮ ನವೆಂಬರಿನಲ್ಲಿ ಬರೆದುಕೊಟ್ಟಿದ್ದ ಚೀಟಿ ತೋರಿಸಿ, ಡಿಸೆಂಬರಿನಲ್ಲಿ ಬಂದಿದ್ದರೆ ಉಳಿಸಬಹುದಿತ್ತು, ಈ ಆರು ತಿಂಗಳು ಈಕೆ ಏನು ಮಾಡುತ್ತಿದ್ದಳು ಎಂದು ಕೇಳಿದರು. ನಾವು ಐವರೂ ಅವರ ಮುಂದೆ ತಲೆ ಬಗ್ಗಿಸಿ ನಿಂತಿದ್ದೆವು.